ಸಾಮಿಲ್ಲಿಗೆ ಪ್ಯಾಕೇಜ್ ಬಂದೀತೇ? – ರೈಟರ ಉತ್ತರಗಳು

(ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಮರದ ಮಿಲ್ಲಿನಲ್ಲಿ ವರ್ಷಾನುಗಟ್ಟಲೆ ಅಳತೆ–ಲೆಕ್ಕ ಬರೆದು ನಿವೃತ್ತರಾದ ನಮ್ಮ 'ರೈಟರು' ಓದುಗರ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ರೈಟರೇ, ತಂದೆಯವರ ಕಾಲದ ಸಾಮಿಲ್ಲು ನಡೆಸುತ್ತಿದ್ದೇನೆ. ಹಿಂದೆಲ್ಲ ಏಪ್ರಿಲ್–ಮೇ ತಿಂಗಳಲ್ಲಿ ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ವಾರದಲ್ಲಿ ಎರಡು ದಿನ ಗರಗಸ ತಿರುಗಿದರೆ ದೊಡ್ಡದು. ಜನ ಬಾಗಿಲಿಗೆ ಉಕ್ಕು, ಕಿಟಕಿಗೆ ಅಲ್ಯೂಮಿನಿಯಂ ಅನ್ನುತ್ತಾರೆ. ಗೇರುಬೀಜದವರಿಗೆ, ತೆಂಗಿನ ನಾರಿನವರಿಗೆ ಸರ್ಕಾರ ಏನಾದರೊಂದು ಮಾಡುತ್ತದೆ. ನಮಗೇನಿದೆ? – ಬದಿಯಡ್ಕದ ಓದುಗ

ಉತ್ತರ: ಸಾಮಿಲ್ಲಿನ ಹೆಸರಲ್ಲೇ ಪ್ಯಾಕೇಜ್ ಬರುತ್ತದೆಂದು ಕಾಯಬೇಡಿ. ಗೇರು, ನಾರಿನ ಹಿಂದೆ ಸಾವಿರಾರು ಹೆಂಗಸರ ಕೂಲಿ ಇದೆ. ನಿಮ್ಮಲ್ಲಿ ಏಳೆಂಟು ಜನ. ಸರ್ಕಾರ ಯಾವುದಾದರೂ ಸರಿ, ಮೊದಲು ತಲೆ ಎಣಿಸುತ್ತದೆ.

ಆದರೆ ನಿಮ್ಮ ಕೈಯಲ್ಲಿರುವ ಲೈಸೆನ್ಸನ್ನು ಕಡಿಮೆ ಎಣಿಸಬೇಡಿ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಕಾಡು ಉಳಿಸುವ ಕುರಿತ ಗೋದವರ್ಮನ್ ಪ್ರಕರಣದಲ್ಲಿ ಆದೇಶ ಕೊಟ್ಟ ಮೇಲೆ, ಮತ್ತೆ 2002ರಲ್ಲಿ ಅದನ್ನು ಬಿಗಿ ಮಾಡಿದ ಮೇಲೆ, ಹೊಸ ಮಿಲ್ಲು ಇಡುವುದು ಹರಸಾಹಸವಾಗಿದೆ. ವ್ಯಾಪಾರ ಇಲ್ಲವೆಂದು ನವೀಕರಣ ಬಿಟ್ಟವರನ್ನು ಕಂಡಿದ್ದೇನೆ. ಆಮೇಲೆ ಎಷ್ಟು ಓಡಾಡಿದರೂ ಅದು ಮರಳಿ ಬರಲಿಲ್ಲ. ಗರಗಸ ನಿಂತರೂ ಫೀಸು ನಿಲ್ಲಿಸಬೇಡಿ.

ಎರಡನೆಯದು, ಮಗನೋ ಮಗಳೋ ಕೈ ಹಾಕುವುದಾದರೆ ಪೀಠೋಪಕರಣದ ಘಟಕ. ದಿಮ್ಮಿ ಸೀಳದೆ, ಸೀಳಿದ ಹಲಗೆ, ಬಿದಿರು, ಬೆತ್ತ, ಪ್ಲೈವುಡ್ ಮಾತ್ರ ಬಳಸುವ ಕಡೆಗೆ ಸಾಮಿಲ್ಲಿನ ಲೈಸೆನ್ಸ್ ಬೇಡವೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಕೇಂದ್ರದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ) ಯೋಜನೆಯಲ್ಲಿ 50 ಲಕ್ಷದ ತನಕದ ಉತ್ಪಾದನಾ ಘಟಕಕ್ಕೆ ಸಾಲ ಇದೆ. ಹಳ್ಳಿಯಲ್ಲಾದರೆ ಸಾಮಾನ್ಯ ವರ್ಗಕ್ಕೆ ಶೇ 25, ಹೆಂಗಸರು ಮತ್ತಿತರ ವಿಶೇಷ ವರ್ಗದವರಿಗೆ ಶೇ 35 ಸಬ್ಸಿಡಿ. ಘಟಕ ಹೊಸದಾಗಿರಬೇಕು, ಹಳೆಯದಕ್ಕೆ ಬಣ್ಣ ಬಳಿದು ತೋರಿಸಿದರೆ ನಡೆಯದು. ವಿಚಾರಿಸಬೇಕಾದ್ದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ.

ಇಷ್ಟು ಸರ್ಕಾರದ ಮಾತಾಯಿತು. ಇನ್ನು ನನ್ನ ಮಾತು. ನಿಮ್ಮ ಮಿಲ್ಲು ಸೊರಗಿದ್ದು ಉಕ್ಕಿನ ಬಾಗಿಲಿನಿಂದ ಮಾತ್ರವಲ್ಲ, ಊರಿನ ಮರ ನಿಮ್ಮಲ್ಲಿಗೆ ಬರುವುದೇ ನಿಂತಿದೆ. ನಮ್ಮ ಹಿತ್ತಲಿನ ಹೆಬ್ಬಲಸು ಎರ್ನಾಕುಳಂ ಕಡೆಯ ಮರದ ಮಿಲ್ಲುಗಳ ಊರಾದ ಪೆರುಂಬಾವೂರಿಗೆ ಲಾರಿ ಹತ್ತುತ್ತದೆ, ಮಂಗಳೂರು ಬಂದರಿನಲ್ಲಿ ಇಳಿದ ಹೊರದೇಶದ ದಿಮ್ಮಿ ನಮ್ಮ ಮಿಲ್ಲಿಗೆ ಬರುತ್ತದೆ. ಯಾಕೆಂದರೆ ಬೆಳೆದವನಿಗೆ ನಮ್ಮ ಟೇಪಿನ ಮೇಲೆ ನಂಬಿಕೆ ಇಲ್ಲ.

ಅವನ ಸಂಶಯದಲ್ಲಿ ಹುರುಳಿದೆ. ನಾವು ಅಳೆಯುವುದು ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ. ಸುತ್ತು 60 ಇಂಚು, ಉದ್ದ 10 ಅಡಿ ಇದ್ದರೆ ಪುಸ್ತಕದಲ್ಲಿ ಬೀಳುವುದು 15.6 ಘನ ಅಡಿ. ನಿಜವಾಗಿ ಆ ದಿಮ್ಮಿಯಲ್ಲಿ ಇರುವುದು ಹತ್ತಿರ ಹತ್ತಿರ 19.9. ನೂರರಲ್ಲಿ ಇಪ್ಪತ್ತೊಂದು ಪಾಲು ಲೆಕ್ಕಕ್ಕೇ ಬರುವುದಿಲ್ಲ. ಸೀಳುವಾಗ ಸಿಪ್ಪೆ, ಹೊಟ್ಟು ಹೋಗುತ್ತದಲ್ಲ ಎನ್ನುವುದು ಮಿಲ್ಲಿನವರ ಸಮಾಧಾನ, ಅದರಲ್ಲಿ ಸುಳ್ಳಿಲ್ಲ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಆದರೆ ಅದರ ಮೇಲೆ ತೊಗಟೆಗೆಂದು ಇಷ್ಟು, ಡೊಂಕಿಗೆಂದು ಇಷ್ಟು, 'ಅರ್ಧ ಇಂಚು ಬಿಡಿ ಮಾರಾಯ್ರೆ' ಎಂದು ಇನ್ನಷ್ಟು ಕಳೆಯುತ್ತಾರೆ. ಬೆಳೆದವನ ಎದುರೇ ಅಳೆದು, ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಡಿ. ಒಂದು ವರ್ಷ ಹಾಗೆ ಮಾಡಿ ನೋಡಿ. ನಿಂತ ಮರವನ್ನೇ ಕಣ್ಣಂದಾಜಿನಲ್ಲಿ ಮಾರುವ ಜನ ನಿಮ್ಮಲ್ಲಿಗೆ ಬಂದಾರು. ಸರ್ಕಾರವನ್ನು ಕೇಳುವುದೇ ಆದರೆ ನಾನು ಸಬ್ಸಿಡಿ ಕೇಳುವುದಿಲ್ಲ, ಪಂಚಾಯತಿಗೊಬ್ಬ ಮರ ಅಳೆಯುವವನನ್ನು ಕೊಡಿ ಎನ್ನುತ್ತೇನೆ. ಜೊತೆಗೆ ದಿಮ್ಮಿಯ ಮೇಲಿನ ಶೇ 18ರ ಜಿಎಸ್‌ಟಿಯನ್ನು ಇಳಿಸಲಿ.

ಪ್ರಶ್ನೆ: ಅಪ್ಪ ನೆಟ್ಟ ಸುಮಾರು ಇಪ್ಪತ್ತು ತೇಗ ಇದೆ. ಮಗಳ ಮದುವೆಗೆ ಕಡಿಸೋಣವೆಂದರೆ, 'ಪಟ್ಟೆ ಜಾಗ, ಕೇಸಾಗುತ್ತದೆ, ನನಗೆ ಕೊಡಿ, ನಾನು ನೋಡಿಕೊಳ್ಳುತ್ತೇನೆ' ಎಂದು ಏಜೆಂಟರು ಅರ್ಧ ಕ್ರಯಕ್ಕೆ ಕೇಳುತ್ತಾರೆ. – ಪೈವಳಿಕೆಯ ಓದುಗಿ

ಉತ್ತರ: ಅಕ್ಕ, ಅವರು ಹೇಳಿದ್ದರಲ್ಲಿ ಅರ್ಧ ನಿಜ. ಆ ಅರ್ಧ ನಿಜದ ಮೇಲೆಯೇ ಅವರ ವ್ಯಾಪಾರ.

ಕೇರಳದ 2005ರ ಮರ ಬೆಳೆಸುವಿಕೆ ಕಾಯಿದೆ ಕಾಡಲ್ಲದ ಜಾಗದ ಒಡೆಯನಿಗೆ ಮರ ಕಡಿದು ಸಾಗಿಸುವ ಹಕ್ಕು ಕೊಟ್ಟಿದೆ. ಗಂಧ ಮಾತ್ರ ಅದರಲ್ಲಿ ಸೇರಿಲ್ಲ. ತೇಗ, ಬೀಟೆಯಂಥವುಗಳಿಗೆ ಕಡಿಯುವ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಘೋಷಣೆ ಸಲ್ಲಿಸಬೇಕು. ಹಲಸು, ಮಾವಿಗೆ ಅದೂ ಇಲ್ಲ. ತೊಡಕು ಇರುವುದು ಜಾಗದ ಹುಟ್ಟಿನಲ್ಲಿ. 1964ರ ಭೂಮಿ ಮಂಜೂರಾತಿ ನಿಯಮದ ಪ್ರಕಾರ ಸರ್ಕಾರ ಪಟ್ಟೆ ಕೊಟ್ಟ ಜಾಗವಾದರೆ, ತೇಗ, ಬೀಟೆ, ಕರಿಮರ, ಗಂಧ ರಾಜವೃಕ್ಷಗಳು. ಜಾಗ ನಿಮ್ಮದು, ಆ ಮರ ಸರ್ಕಾರದ್ದು. 2020ರ ಅಕ್ಟೋಬರಿನಲ್ಲಿ ಇದನ್ನು ಸಡಿಲಿಸುವಂತೆ ಒಂದು ಆದೇಶ ಬಂತು. ಅದನ್ನೇ ಹಿಡಿದು ವಯನಾಡಿನ ಮುಟ್ಟಿಲ್‌ನಲ್ಲಿ ಬೀಟೆ ಮರಗಳನ್ನು ಉರುಳಿಸಿದರು. 2021ರ ಫೆಬ್ರವರಿಯಲ್ಲಿ ಆದೇಶ ರದ್ದಾಯಿತು, ಕೇಸು ಉಳಿಯಿತು. ಕಡಿಸಿದ ವ್ಯಾಪಾರಿಗಳಿಗೆ ಮಾತ್ರವಲ್ಲ, ಮರ ಕೊಟ್ಟ ಬಡ ಜಾಗದವರಿಗೂ ನೋಟಿಸು ಹೋಯಿತು. 'ನಾನು ನೋಡಿಕೊಳ್ಳುತ್ತೇನೆ' ಎಂದವರು ಆಗ ಎಲ್ಲಿದ್ದರು ಎಂದು ಅವರನ್ನೇ ಕೇಳಬೇಕು.

ಆದರೆ ಪಟ್ಟೆ ಎಂದು ಬಾಯಲ್ಲಿ ಹೇಳುವುದೆಲ್ಲ ಆ ಬಗೆಯದಲ್ಲ. 1956ರ ತನಕ ನಾವು ದಕ್ಷಿಣ ಕನ್ನಡದವರು. ವರ್ಗ, ಮೂಲಗೇಣಿ, ಕುಮ್ಕಿ, ದರ್ಖಾಸ್ತು ಎಂದು ಹಲವು ಬಗೆಯ ಜಾಗದ ಹಕ್ಕಿನ ನಮ್ಮ ಕಾಗದಗಳ ಕಟ್ಟು ತೆಂಕಣ ಜಿಲ್ಲೆಯವರಿಗೆ ತಲೆನೋವು. ಭೂಸುಧಾರಣೆಯಲ್ಲಿ ಲ್ಯಾಂಡ್ ಟ್ರಿಬ್ಯೂನಲ್ಲಿನಿಂದ ಬಂದ ಕ್ರಯಸರ್ಟಿಫಿಕೇಟ್ ಬೇರೆ, ತಹಶೀಲ್ದಾರರು ಮಂಜೂರು ಮಾಡಿದ ಪಟ್ಟೆ ಬೇರೆ. ಅಪ್ಪನ ಪೆಟ್ಟಿಗೆಯಲ್ಲಿ ಇರುವುದು ಯಾವುದು ಎಂದು ಮೊದಲು ನೋಡಿ, ವಿಲ್ಲೇಜ್ ಆಫೀಸಿನಿಂದ ಅದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮಂಜೂರಾತಿ ಜಾಗವೆಂದಾದರೆ ರೇಂಜ್ ಆಫೀಸಿನ ಲಿಖಿತ ಉತ್ತರ ಬರುವ ತನಕ ಕೊಡಲಿ ಮುಟ್ಟಿಸಬೇಡಿ. ಅಲ್ಲವೆಂದಾದರೆ, ಕಡಿಸಿ ದಿಮ್ಮಿ ಮಾಡಿ ಅಳೆದೇ ಮಾರಿ. ಬೆಲೆಯ ಅಂದಾಜಿಗೆ ಪರಪ್ಪದ ಸರ್ಕಾರಿ ಡಿಪೋದಲ್ಲಿ ತೇಗ ಏನು ದರಕ್ಕೆ ಹೋಗುತ್ತದೆ ಎಂದು ವಿಚಾರಿಸಿ. ಹಿತ್ತಲಿನ ತೇಗಕ್ಕೆ ಅಷ್ಟು ಬಾರದು, ಆದರೆ ಏಜೆಂಟರ ಎದುರು ಕೂರಲು ಒಂದು ಧೈರ್ಯ. ಗಡಿ ದಾಟಿಸಿ ವಿಟ್ಲ, ಪುತ್ತೂರಿಗೆ ಒಯ್ಯುವುದಾದರೆ ಸಾಗಣೆ ಪಾಸು ಮೊದಲೇ ಕೈಯಲ್ಲಿರಲಿ.

ಪ್ರಶ್ನೆ: ಗುಡ್ಡೆಯ ಒಂದೆಕರೆಯಲ್ಲಿ ಮರ ನೆಟ್ಟರೆ ಸರ್ಕಾರ ಹಣ ಕೊಡುತ್ತದಂತೆ, ಹೌದೇ? ಅರ್ಜಿ ಮಲಯಾಳದಲ್ಲೇ ಆಗಬೇಕೇ? – ಎಣ್ಮಕಜೆಯ ಓದುಗ

ಉತ್ತರ: ಕೊಡುತ್ತದೆ, ಸಾಮಾಜಿಕ ಅರಣ್ಯ ವಿಭಾಗದ ಮೂಲಕ. ತೇಗ, ಬೀಟೆ, ಹಲಸು, ಹೆಬ್ಬಲಸು, ಮಹಾಗನಿಯಂಥ ಗೊತ್ತುಪಡಿಸಿದ ಜಾತಿಗಳಿಗೆ. 50ರಿಂದ 200 ಗಿಡದ ತನಕ ಗಿಡವೊಂದಕ್ಕೆ 50 ರೂಪಾಯಿ. ಹೆಚ್ಚು ನೆಟ್ಟಷ್ಟೂ ದರ ಇಳಿಯುತ್ತದೆ. ಇನ್ನೂರು ಗಿಡಕ್ಕೆ ಹತ್ತು ಸಾವಿರ. ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಗುಂಡಿ ತೋಡಿದ ಕೂಲಿಗೂ ಅದು ಸಾಲದು, ಹಾಗೆಂದು ಬಿಡಲೂ ಬೇಡ. ನನ್ನನ್ನು ಕೇಳಿದರೆ ತೇಗಕ್ಕಿಂತ ಹೆಬ್ಬಲಸು, ಹಲಸು ನೆಡಿ. ಮಹಾಗನಿಯಿಂದ ಹತ್ತು ವರ್ಷಕ್ಕೆ ಕೋಟಿ ಎನ್ನುವ ಜಾಹೀರಾತುಗಳನ್ನು ಓದಿ ನಗಬಹುದು, ಸಹಿ ಹಾಕಬಾರದು.

ಅರ್ಜಿ ಕನ್ನಡದಲ್ಲೇ ಕೊಡಿ. ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರ ಪ್ರದೇಶದ ಕಚೇರಿಗಳಿಗೆ ನಮ್ಮ ಭಾಷೆಯಲ್ಲೇ ಬರೆಯುವ ಹಕ್ಕಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಕೌಂಟರಿನಲ್ಲಿ 'ಮಲಯಾಳದಲ್ಲಿ ಬರೆದುಕೊಂಡು ಬನ್ನಿ' ಎಂದರೆ ಜಗಳ ಬೇಡ. ಕನ್ನಡದ ಅರ್ಜಿಯನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ.