ಹೆಂಡತಿಯ ತಲೆಗೆ ಕಟ್ಟಬೇಡಿ

ಹೆಂಡತಿಯ ಚಿತಾವಣೆ ಇಲ್ಲದಿದ್ದರೆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಡಂಕನ್ ದೊರೆಯನ್ನು ಕೊಲ್ಲುತ್ತಿದ್ದನೇ ಎಂದು ಕೇಳಿದ್ದೀರಿ. ಕೊಲ್ಲುತ್ತಿದ್ದ ಎಂದೇ ನನ್ನ ಎಣಿಕೆ. ಮೊದಲ ಅಂಕದ ಮೂರನೆಯ ದೃಶ್ಯ ನೋಡಿ. ಅವಳ ಮುಖ ಕಾಣುವ ಮೊದಲೇ ಕೊಲೆಯ ಚಿತ್ರ ಕಣ್ಣಿಗೆ ಕಟ್ಟಿ ಅವನ ಎದೆ ಹೊಡೆದುಕೊಳ್ಳುತ್ತದೆ. ದಾರಿಯಲ್ಲಿ ಎದುರಾದ ಮಾಟಗಾತಿಯರು ಅವನಿಗೆ ಪಟ್ಟ ಸಿಗುತ್ತದೆ ಎಂದರೇ ಹೊರತು ಕೊಲ್ಲು ಎನ್ನಲಿಲ್ಲ!

ಹಿಂದೇಟು ಹಾಕಿದಾಗ ಹಂಗಿಸಿದವಳು ಅವಳು, ನಿಜ. ಆದರೆ ಆ ಗಟ್ಟಿಗಿತ್ತಿಯೂ, ಮಲಗಿದ್ದ ದೊರೆ ತನ್ನ ತಂದೆಯಂತೆ ಕಂಡಿದ್ದರಿಂದ ಕೈ ಎತ್ತಲಿಲ್ಲ. ಕೊಂದು ಬಂದವನಿಗೆ ‘ಆಮೆನ್’ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಬಿಟ್ಟು ಬರಬೇಕಾದ ಕಠಾರಿಗಳನ್ನು ಕೈಯಲ್ಲೇ ಹಿಡಿದು ಬಂದಿರುತ್ತಾನೆ. ಮರಳಿ ಇಡಲು ಹೋಗುವವಳು ಅವಳು.

ಮುಂದೆ ತನ್ನ ಜೊತೆಯ ಸೇನಾನಿ ಬ್ಯಾಂಕೋನನ್ನು ಕೊಲ್ಲಿಸುವ ಹೊತ್ತಿಗೆ, ಅವಳು ಕೇಳಿದರೂ ಅವನು ಬಾಯಿ ಬಿಡುವುದಿಲ್ಲ. ಅಷ್ಟು ಬೇಗ ಕಸುಬು ಕಲಿತ ಮಹಾರಾಯನಿಗೆ ಹೆಂಡತಿಯ ಒತ್ತಾಸೆ ಎಲ್ಲಿ ಬೇಕಿತ್ತು?