ನೀಲಿ ಪರದೆ ಕಂಡು ಹಿಂದೆ ಸರಿಯಬೇಡಿ

ಓದುಗರ ಪತ್ರ: ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಪಕ್ಕದಲ್ಲೇ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೇನೆ. ನನಗೆ ಬೇಕಾದ ಒಂದು ಹಳೆಯ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಅದಕ್ಕಾಗಿ ಪದೇ ಪದೇ ರೀಸ್ಟಾರ್ಟ್ ಮಾಡುವುದು ಬೇಡ ಅಂತ ಉಬುಂಟುವಿನ ಒಳಗೇ ವಿಂಡೋಸ್ ಓಡಿಸಲು ಅದರ ಭಂಡಾರದಿಂದಲೇ ವರ್ಚುವಲ್‌ಬಾಕ್ಸ್ ಇನ್‌ಸ್ಟಾಲ್ ಮಾಡಿದೆ. ನಡುವೆ ಏನೋ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಮಾಡಿದಾಗ ಒಂದು ನೀಲಿ ಪರದೆ ಬಂತು. ಹೆದರಿ ಮೊದಲನೇ ಆಯ್ಕೆ ಒತ್ತಿ ಮುಂದೆ ಹೋದೆ. ಈಗ ವರ್ಚುವಲ್‌ಬಾಕ್ಸ್ ತೆರೆದುಕೊಳ್ಳುತ್ತದೆ, ಹೊಸ ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗಿನ ಕಂಪ್ಯೂಟರ್) ಕೂಡ ಮಾಡಲು ಬಿಡುತ್ತದೆ. ಆದರೆ ಸ್ಟಾರ್ಟ್ ಒತ್ತಿದರೆ "ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್, ಆರ್‌ಸಿ ಮೈನಸ್ 1908" ಅಂತ ಬರುತ್ತದೆ. ನಾಲ್ಕು ಸಲ ತೆಗೆದು ಮತ್ತೆ ಹಾಕಿದೆ. ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಒಬ್ಬರು, ಉಬುಂಟುವನ್ನೇ ಹೊಸದಾಗಿ ಹಾಕಿ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಸಂಪಾದಕರ ಉತ್ತರ:

ಎರಡೂ ಬೇಡ. ಐದನೇ ಸಲ ತೆಗೆದು ಹಾಕುವುದೂ ಬೇಡ. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ, ನೀವು ಏನನ್ನೂ ಹಾಳು ಮಾಡಿಲ್ಲ. ಅರ್ಧಕ್ಕೆ ನಿಂತ ಒಂದು ಕೆಲಸವನ್ನು ಮುಗಿಸಬೇಕು, ಅಷ್ಟೇ. ಅದು ಯಾವ ಕೆಲಸ ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ನೀವು ಬರೆದು ಮುಂದೆ ಹೋಗಿಬಿಟ್ಟ ಆ ನೀಲಿ ಪರದೆಯಲ್ಲಿ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ವರ್ಚುವಲ್‌ಬಾಕ್ಸ್ ಅಂದರೆ ಒಂದೇ ತಂತ್ರಾಂಶ ಅಲ್ಲ, ಎರಡು ಭಾಗ. ನಿಮ್ಮ ಕಣ್ಣಿಗೆ ಕಾಣುವ ಕಿಟಕಿ, ಬಟನ್ನು, ಪಟ್ಟಿ ಎಲ್ಲ ಒಂದು ಭಾಗ. ಇನ್ನೊಂದು ಭಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ ಹೋಗಿ ಕೂರಬೇಕಾದ ಮಾಡ್ಯೂಲ್, ಅಂದರೆ ಒಂದು ಚಿಕ್ಕ ತುಣುಕು. ಅದರ ಹೆಸರು ವಿಬಾಕ್ಸ್‌ಡಿಆರ್‌ವಿ. ಪ್ರೊಸೆಸರ್ ಜೊತೆ ನೇರವಾಗಿ ಮಾತಾಡಿ ಒಳಗಿನ ಮೆಷಿನ್ ಓಡಿಸುವುದು ಈ ಎರಡನೆಯ ಭಾಗ. ಕಿಟಕಿ ತೆರೆಯಲು, ಮೆಷಿನ್ ರಚಿಸಲು ಅದು ಬೇಕಾಗುವುದಿಲ್ಲ. ಸ್ಟಾರ್ಟ್ ಒತ್ತಿದ ಕ್ಷಣ ಬೇಕು. ಅದಕ್ಕೇ ಎಲ್ಲ ಸರಿಯಿದೆ ಅನ್ನಿಸುತ್ತಾ ಹೋಗಿ, ಕೊನೆಯ ಹೆಜ್ಜೆಯಲ್ಲಿ ನಿಮಗೆ ಪೆಟ್ಟು ಬಿದ್ದದ್ದು. ಮೈನಸ್ 1908 ಹೇಳುವುದೂ ಇದನ್ನೇ. ಕಿಟಕಿ ಇದೆ, ಮಾಡ್ಯೂಲ್ ಇಲ್ಲ.

ಮಾಡ್ಯೂಲ್ ಯಾಕೆ ಇಲ್ಲ? ಇಲ್ಲಿ ಸೆಕ್ಯೂರ್ ಬೂಟ್ ಬರುತ್ತದೆ, ಅಂದರೆ ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಕಾವಲು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಇದು ಆನ್ ಆಗಿಯೇ ಬರುತ್ತದೆ. ಕಂಪ್ಯೂಟರ್ ಹೊತ್ತಿಕೊಳ್ಳುವಾಗ ಒಬ್ಬರು ಮುಂದಿನವರ ಸಹಿ ನೋಡುತ್ತಾ ಹೋಗುತ್ತಾರೆ. ಕಂಪ್ಯೂಟರ್‌ನೊಳಗೇ ಕೂತಿರುವ ಫರ್ಮ್‌ವೇರ್ ಮೊದಲು ಶಿಮ್ ಎಂಬ ಚಿಕ್ಕ ತಂತ್ರಾಂಶದ ಸಹಿ ನೋಡುತ್ತದೆ. ಶಿಮ್ ಮುಂದೆ, ಆಪರೇಟಿಂಗ್ ಸಿಸ್ಟಂ ಆರಿಸಿ ಎಬ್ಬಿಸುವ ಗ್ರಬ್‌ನ ಸಹಿ ನೋಡುತ್ತದೆ. ಆಮೇಲೆ ಕರ್ನಲ್‌ನ ಸಹಿಯೂ ಪರೀಕ್ಷೆಯಾಗುತ್ತದೆ. ಕರ್ನಲ್ ಎದ್ದ ಮೇಲೆ ತನ್ನೊಳಗೆ ಬರುವ ಪ್ರತಿ ಮಾಡ್ಯೂಲ್‌ನ ಸಹಿ ನೋಡುತ್ತದೆ. ಉಬುಂಟು ಜೊತೆ ಬಂದ ಮಾಡ್ಯೂಲ್‌ಗಳಿಗೆಲ್ಲ ಸಹಿ ಇದೆ. ಆದರೆ ವಿಬಾಕ್ಸ್‌ಡಿಆರ್‌ವಿ ತಯಾರಾದದ್ದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ, ಇನ್‌ಸ್ಟಾಲ್ ಮಾಡಿದ ಹೊತ್ತಿನಲ್ಲಿ. ಅದಕ್ಕೆ ಹೊರಗಿನವರು ಸಹಿ ಹಾಕಿರಲು ಸಾಧ್ಯವೇ ಇಲ್ಲ, ಅಲ್ವಾ?

ಹಾಗಾಗಿ ಉಬುಂಟು ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಕೀ ಮಾಡಿಕೊಂಡು, ಅದರಿಂದ ಸಹಿ ಹಾಕುತ್ತದೆ. ಈ ಕೀಗೆ ಎಂಒಕೆ ಅನ್ನುತ್ತಾರೆ. ಅಂದರೆ ಯಂತ್ರದ ಮಾಲೀಕರ ಕೀ, ನಿಮ್ಮ ಕೀ. ಇದನ್ನು ನಂಬಬಹುದು ಅಂತ ಒಬ್ಬರು ಒಪ್ಪಿಗೆ ಕೊಡಬೇಕು. ಆ ಒಬ್ಬರು ನೀವೇ. ಕೊಡುವ ಜಾಗ ಆ ನೀಲಿ ಪರದೆ.

ಅದು ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಯಾಕೆ ಬರುತ್ತದೆ ಗೊತ್ತಾ? ಲಿನಕ್ಸ್ ಎದ್ದ ಮೇಲೆ ಒಪ್ಪಿಗೆ ಕೇಳಿದರೆ, ಒಳಗೆ ನುಸುಳಿದ ಯಾವುದೋ ಕೆಟ್ಟ ತಂತ್ರಾಂಶ ನಿಮ್ಮ ಪರವಾಗಿ ತಾನೇ ಹೂಂ ಅಂದುಬಿಡಬಹುದು. ಅದಕ್ಕೆ ಕೀಬೋರ್ಡ್ ಮುಂದೆ ಕೂತ ಮನುಷ್ಯರನ್ನೇ ಕೇಳುತ್ತದೆ. ಇನ್‌ಸ್ಟಾಲ್ ಮಾಡುವಾಗ ಕೇಳಿದ ಪಾಸ್‌ವರ್ಡ್ ಕೂಡ ಇದಕ್ಕೇ. ಕೋರಿಕೆ ಇಟ್ಟವರೂ ಒಪ್ಪಿಗೆ ಕೊಡುತ್ತಿರುವವರೂ ಒಬ್ಬರೇ ಅಂತ ಖಚಿತ ಮಾಡಿಕೊಳ್ಳಲು. ಒಂದೇ ಸಲದ ಪಾಸ್‌ವರ್ಡ್ ಅದು. ನೀವು ಒತ್ತಿದ ಮೊದಲನೇ ಆಯ್ಕೆ "ಕಂಟಿನ್ಯೂ ಬೂಟ್". ಅಂದರೆ ಒಪ್ಪಿಗೆ ಕೊಡದೆ ಮುಂದೆ ಹೋದಂತೆ. ಆ ಕೋರಿಕೆ ಅಲ್ಲಿಗೆ ಬಿದ್ದುಹೋಯಿತು. ನಂತರ ನಾಲ್ಕು ಸಲ ತೆಗೆದು ಹಾಕಿದರೂ ಒಪ್ಪಿಗೆ ಮಾತ್ರ ಸಿಗಲೇ ಇಲ್ಲ. ಆ ಪರದೆಯನ್ನು ಮೊದಲ ಸಲ ನೋಡಿದವರು ಹೆದರುವುದು ಸಹಜ. ಅಲ್ಲಿ ವರ್ಚುವಲ್‌ಬಾಕ್ಸ್ ಅನ್ನುವ ಹೆಸರೇ ಇರುವುದಿಲ್ಲ. ಇದನ್ನು ಇನ್‌ಸ್ಟಾಲ್ ಮಾಡುವಾಗಲೇ ಇನ್ನೂ ಬಿಡಿಸಿ ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ಕೆಲಸಕ್ಕೆ ಬರೋಣ. ಟರ್ಮಿನಲ್ ತೆರೆಯಿರಿ. ಆಜ್ಞೆಗಳನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಬರೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ನನ್ನ ಊಹೆ ಸರಿಯೇ ನೋಡೋಣ. ಸುಡೋ, ಜಾಗ ಬಿಟ್ಟು ಮಾಡ್‌ಪ್ರೋಬ್, ಜಾಗ ಬಿಟ್ಟು ವಿಬಾಕ್ಸ್‌ಡಿಆರ್‌ವಿ ಅಂತ ಕೊಡಿ. "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಎಂದು ಬಂದರೆ ಮೇಲೆ ಹೇಳಿದ್ದೇ ಕಾರಣ. ಹಳೆಯ ಕರ್ನಲ್‌ಗಳಲ್ಲಿ "ರಿಕ್ವೈರ್ಡ್ ಕೀ ನಾಟ್ ಅವೈಲಬಲ್" ಅಂತ ಬರುತ್ತದೆ, ಅರ್ಥ ಒಂದೇ. "ಮಾಡ್ಯೂಲ್ ನಾಟ್ ಫೌಂಡ್" ಅಂತ ಬಂದರೆ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಕೀ ತಿರಸ್ಕಾರವಾಗಿದ್ದರೆ ಕೋರಿಕೆಯನ್ನು ಮತ್ತೆ ಇಡಬೇಕು. ಆ ಆಜ್ಞೆಯ ಹೆಸರು ಎಂಒಕೆಯುಟಿಲ್. ಎಂ, ಒ, ಕೆ ಮೂರಕ್ಷರ, ಅದಕ್ಕೆ ಅಂಟಿಕೊಂಡೇ ಯುಟಿಲ್. ಮುಂದೆ ಸುಡೋ ಇರಲಿ. ನಂತರ ಜಾಗ ಬಿಟ್ಟು ಎರಡು ಹೈಫನ್ ಜೊತೆ ಇಂಪೋರ್ಟ್. ಮತ್ತೆ ಜಾಗ ಬಿಟ್ಟು ಕೀ ಇರುವ ಫೈಲಿನ ದಾರಿ. ಉಬುಂಟುವಿನಲ್ಲಿ ಅದು ವಿಎಆರ್ ಒಳಗೆ, ಎಲ್‌ಐಬಿ ಒಳಗೆ, ಶಿಮ್ ಹೈಫನ್ ಸೈನ್ಡ್ ಎಂಬ ಫೋಲ್ಡರಿನಲ್ಲಿ, ಎಂಒಕೆ ಎಂಬ ಇನ್ನೊಂದು ಫೋಲ್ಡರಿನಲ್ಲಿ ಇರುತ್ತದೆ. ಫೈಲಿನ ಹೆಸರಲ್ಲಿ ಎಂಒಕೆ ದೊಡ್ಡಕ್ಷರ, ಚುಕ್ಕಿಯ ನಂತರದ ಡಿಇಆರ್ ಸಣ್ಣಕ್ಷರ. ದಾರಿ ಬರೆಯುವಾಗ ಪ್ರತಿ ಫೋಲ್ಡರಿನ ಮತ್ತು ಫೈಲಿನ ಹೆಸರಿನ ಮುಂದೆ ಒಂದು ಸ್ಲ್ಯಾಶ್ ಹಾಕಿ, ನಡುವೆ ಜಾಗ ಬಿಡಬೇಡಿ. ಪಕ್ಕದಲ್ಲೇ ಚುಕ್ಕಿ ಪಿಆರ್‌ಐವಿ ಅಂತ ಕೊನೆಯಾಗುವ ಇನ್ನೊಂದು ಫೈಲ್ ಇರುತ್ತದೆ. ಅದು ಸಹಿ ಹಾಕುವ ಗುಟ್ಟಿನ ಕೀ. ಅದನ್ನು ಮುಟ್ಟಬೇಡಿ, ಯಾರಿಗೂ ಕಳಿಸಬೇಡಿ.

ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಎಂಟರಿಂದ ಹದಿನಾರು ಅಕ್ಷರ ಇರಲಿ. ಬರೀ ಸಣ್ಣಕ್ಷರ ಮತ್ತು ಅಂಕೆ ಸಾಕು. ನೀಲಿ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ಜೋಡಣೆಯಲ್ಲಿ ಇರುತ್ತದೆ. ವಿಶೇಷ ಚಿಹ್ನೆ ಹಾಕಿದರೆ ಅಲ್ಲಿ ಬೇರೆಯೇ ಬಿದ್ದು ಸುಮ್ನೆ ಒದ್ದಾಡಬೇಕಾಗುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ರೀಸ್ಟಾರ್ಟ್ ಮಾಡಿ, ಪರದೆಯ ಮುಂದೆಯೇ ಇರಿ. ಯಾವುದಾದರೂ ಕೀ ಒತ್ತಿ ಅಂತ ಹತ್ತು ಸೆಕೆಂಡು ಕಾಯುತ್ತದೆ. ಒತ್ತದಿದ್ದರೆ ತಾನಾಗಿ ಮುಂದೆ ಹೋಗಿಬಿಡುತ್ತದೆ, ಕೋರಿಕೆ ಮತ್ತೆ ಬಿದ್ದುಹೋಗುತ್ತದೆ. ಒತ್ತಿದ ಮೇಲೆ ಎರಡನೆಯ ಆಯ್ಕೆ "ಎನ್‌ರೋಲ್ ಎಂಒಕೆ" ಆರಿಸಿ. ನಂತರ ಕಂಟಿನ್ಯೂ, ಆಮೇಲೆ ಯೆಸ್, ಆಮೇಲೆ ಪಾಸ್‌ವರ್ಡ್, ಕೊನೆಗೆ ರೀಬೂಟ್. ಪಾಸ್‌ವರ್ಡ್ ಬರೆಯುವಾಗ ಪರದೆಯ ಮೇಲೆ ಏನೂ ಕಾಣದಿದ್ದರೂ ಬರೆಯುತ್ತಾ ಹೋಗಿ.

ಲಿನಕ್ಸ್ ಎದ್ದ ಮೇಲೆ ಮೊದಲಿನ ಮಾಡ್‌ಪ್ರೋಬ್ ಆಜ್ಞೆಯನ್ನೇ ಮತ್ತೆ ಕೊಡಿ. ಈ ಸಲ ಏನೂ ಹೇಳದೆ ಸುಮ್ಮನೆ ಮುಂದಿನ ಸಾಲಿಗೆ ಬಂದರೆ ಗೆದ್ದಿರಿ. ಟರ್ಮಿನಲ್‌ನಲ್ಲಿ ಮೌನ ಅಂದರೆ ಒಳ್ಳೆಯ ಸುದ್ದಿ. ಈ ಒಪ್ಪಿಗೆ ಒಂದು ಸಲ ಕೊಟ್ಟರೆ ಸಾಕು. ಮುಂದೆ ಕರ್ನಲ್ ಬದಲಾದಾಗ ಮಾಡ್ಯೂಲ್ ಮತ್ತೆ ತಯಾರಾಗುತ್ತದೆ, ಅದೇ ಕೀಯಿಂದ ಸಹಿ ಬೀಳುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಮಾಡ್ಯೂಲ್ ಒಳಗೆ ಹೋಗುತ್ತದೆ, ನಿಜ. ಹಾಗೆ ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಒಂದು ಬೀಗಕ್ಕೆ ಕೀ ಕೊಡುವ ಬದಲು ಬಾಗಿಲನ್ನೇ ಕಳಚಿಟ್ಟಂತೆ ಅದು. ನಿಮ್ಮ ವಿಷಯದಲ್ಲಿ ಇನ್ನೊಂದು ಅಪಾಯವೂ ಇದೆ. ಪಕ್ಕದ ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ಸೆಕ್ಯೂರ್ ಬೂಟ್ ಬದಲಾದದ್ದು ಕಂಡು ಅದು 48 ಅಂಕೆಗಳ ರಿಕವರಿ ಕೀ ಕೇಳಬಹುದು. ಆ ಕೀ ಕೈಯಲ್ಲಿ ಇಲ್ಲದವರಿಗೆ ತಮ್ಮ ಫೈಲುಗಳೇ ಸಿಗದೆ ಹೋಗುತ್ತವೆ. ವರ್ಚುವಲ್‌ಬಾಕ್ಸ್ ಸಲುವಾಗಿ ಯಾರೂ ಅಷ್ಟು ದೊಡ್ಡ ಬೆಲೆ ತೆರಬಾರದು.

ಇನ್ನು ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕುವ ಸಲಹೆ. ನಾನೂ ಒಮ್ಮೆ ಅದನ್ನೇ ಮಾಡಿದ್ದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಅಪ್‌ಡೇಟ್ ಆದ ಮರುದಿನ ನನ್ನ ವರ್ಚುವಲ್ ಮೆಷಿನ್ ಏಳಲಿಲ್ಲ. ಇಡೀ ದಿನ ಕೂತು ಎಲ್ಲ ಹೊಸದಾಗಿ ಹಾಕಿದೆ. ಸರಿಹೋಯಿತು. ಇದೇ ಮದ್ದು ಅಂತ ನಂಬಿದೆ. ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಅದೇ ತೊಂದರೆ ಮತ್ತೆ ಬಂತು. ಆಗ ಲಾಗ್ ಫೈಲ್ ತೆಗೆದು ಓದಿದೆ. ಕರ್ನಲ್ ಹೊಸದು ಬಂದಿತ್ತು, ಅದರ ಒಳರಚನೆ ತಿಳಿಸುವ ಹೆಡರ್ ಫೈಲುಗಳು ಬಂದಿರಲಿಲ್ಲ. ಹೆಡರ್ ಇಲ್ಲದೆ ಮಾಡ್ಯೂಲ್ ತಯಾರಾಗುವುದಿಲ್ಲ. ಹೊಸದಾಗಿ ಹಾಕಿದಾಗ ಎರಡೂ ಹೊಂದಿಕೊಂಡಿದ್ದವು, ಅಷ್ಟಕ್ಕೇ ಸರಿಹೋಗಿತ್ತು. ಕಾರಣ ಹಾಗೇ ಉಳಿದಿತ್ತು.

"ಮಾಡ್ಯೂಲ್ ನಾಟ್ ಫೌಂಡ್" ಅಂತ ಕಂಡವರು ನೋಡಬೇಕಾದದ್ದು ಇದನ್ನೇ. ಯುನೇಮ್ ಆಜ್ಞೆಗೆ ಹೈಫನ್ ಆರ್ ಸೇರಿಸಿ ಕೊಟ್ಟರೆ ಈಗ ಓಡುತ್ತಿರುವ ಕರ್ನಲ್‌ನ ಆವೃತ್ತಿ ಹೇಳುತ್ತದೆ. ಹೆಡರ್ ಕೂಡ ಅಕ್ಷರಶಃ ಅದೇ ಆವೃತ್ತಿಯದ್ದು ಇರಬೇಕು. ಉಬುಂಟುವಿನಲ್ಲಿ ಲಿನಕ್ಸ್ ಹೆಡರ್ಸ್ ಜೆನೆರಿಕ್ ಎಂಬ ಪ್ಯಾಕೇಜ್ ಹಾಕಿಟ್ಟರೆ, ಜೆನೆರಿಕ್ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಹೆಡರೂ ಜೊತೆಗೆ ಬರುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಇದರ ಹೆಸರು ಕರ್ನಲ್ ಡೆವೆಲ್. ಅಲ್ಲಿ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡದೆಯೇ ವರ್ಚುವಲ್‌ಬಾಕ್ಸ್ ಹಾಕಲು ಹೋದರೆ, ಹೆಡರ್ ಹೊಸದು, ಓಡುತ್ತಿರುವ ಕರ್ನಲ್ ಹಳೆಯದು ಅಂತಾಗುತ್ತದೆ.

ಹೆಡರ್ ಇದ್ದೂ ಮಾಡ್ಯೂಲ್ ತಯಾರಾಗದಿದ್ದರೆ ಎರಡು ಸಾಧ್ಯತೆ. ಒಂದು ಕಂಪೈಲರ್, ಅಂದರೆ ಮೂಲ ಕೋಡ್‌ನಿಂದ ಮಾಡ್ಯೂಲ್ ತಯಾರಿಸುವ ತಂತ್ರಾಂಶ. ಉಬುಂಟು 22.04ರಲ್ಲಿ 6.5ರ ಕರ್ನಲ್ ಬಂದಾಗ ಹೀಗಾಯಿತು. ಕರ್ನಲ್ ಕಟ್ಟಿದ್ದು ಜಿಸಿಸಿ ಎಂಬ ಕಂಪೈಲರ್‌ನ 12ನೇ ಆವೃತ್ತಿಯಿಂದ, ಕಂಪ್ಯೂಟರ್‌ಗಳಲ್ಲಿ ಇದ್ದದ್ದು ಜಿಸಿಸಿ 11. ಹನ್ನೆರಡನ್ನು ಹಾಕಿದ ಮೇಲೆ ಕೆಲಸ ಸಾಗಿತು. ಇನ್ನೊಂದು, ಕರ್ನಲ್ ತೀರಾ ಹೊಸದು, ವರ್ಚುವಲ್‌ಬಾಕ್ಸ್ ಹಳೆಯದು. ಕರ್ನಲ್‌ನ ಒಳರಚನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತದೆ. ಹೊಸ ವರ್ಚುವಲ್‌ಬಾಕ್ಸ್ ಸಿಗುವ ತನಕ ಗ್ರಬ್ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಆಯ್ಕೆಗೆ ಹೋಗಿ ಹಿಂದಿನ ಕರ್ನಲ್‌ನಲ್ಲೇ ಎದ್ದು ಕೆಲಸ ಮಾಡಿ.

ಒಂದು ಎಚ್ಚರಿಕೆ. ಉಬುಂಟು ಭಂಡಾರದ ವರ್ಚುವಲ್‌ಬಾಕ್ಸ್ ಮೇಲೆ ಅದನ್ನು ತಯಾರಿಸುವ ಒರಾಕಲ್ ಕಂಪನಿ ಕೊಡುವ ವರ್ಚುವಲ್‌ಬಾಕ್ಸ್ ಹಾಕಬೇಡಿ. ಯಾವುದಾದರೂ ಒಂದೇ ಇರಲಿ. ಎರಡರ ಅವಶೇಷ ಬೆರೆತರೆ ಮೈನಸ್ 1912 ಬರುತ್ತದೆ. ಅಂದರೆ ಕಿಟಕಿ ಒಂದು ಆವೃತ್ತಿಯದ್ದು, ಮಾಡ್ಯೂಲ್ ಇನ್ನೊಂದರದ್ದು.

ಮಾಡ್ಯೂಲ್ ಸರಿಯಾದ ಮೇಲೂ ನಿಮಗೆ ಇನ್ನೊಂದು ಅಡ್ಡಿ ಎದುರಾಗಬಹುದು. "ವಿಟಿ-ಎಕ್ಸ್ ಈಸ್ ಡಿಸೇಬಲ್ಡ್ ಇನ್ ದ ಬಯೋಸ್" ಅಂತ ಬಂದರೆ ಲಿನಕ್ಸ್‌ನಲ್ಲಿ ಹುಡುಕಬೇಡಿ. ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ಹೋಗಿ, ವರ್ಚುವಲ್ ಮೆಷಿನ್‌ಗೆ ಪ್ರೊಸೆಸರ್ ಕೊಡುವ ನೆರವಾದ ವರ್ಚುವಲೈಸೇಶನ್ ಆನ್ ಮಾಡಿ. ಎಎಂಡಿ ಪ್ರೊಸೆಸರ್ ಆದರೆ ಅಲ್ಲಿ ಅದರ ಹೆಸರು ಸಾಮಾನ್ಯವಾಗಿ ಎಸ್‌ವಿಎಂ ಮೋಡ್. 2019ರ ಡಿಸೆಂಬರ್‌ನಲ್ಲಿ ಬಂದ ವರ್ಚುವಲ್‌ಬಾಕ್ಸ್ 6.1ರಿಂದ ಪ್ರೊಸೆಸರ್‌ನ ಈ ನೆರವು ಕಡ್ಡಾಯ.

ಕರ್ನಲ್ 6.12 ಅಥವಾ ಅದಕ್ಕಿಂತ ಹೊಸದಾಗಿದ್ದರೆ "ವಿಎಂಎಕ್ಸ್ ರೂಟ್ ಮೋಡ್" ಎಂಬ ಮಾತು ಬರಬಹುದು. ವರ್ಚುವಲ್‌ಬಾಕ್ಸ್‌ನಂತೆಯೇ ವರ್ಚುವಲ್ ಮೆಷಿನ್ ಓಡಿಸುವ, ಲಿನಕ್ಸ್‌ನದ್ದೇ ಆದ ಕೆವಿಎಂ 2007ರಿಂದ ಕರ್ನಲ್‌ನ ಒಳಗೇ ಇದೆ. ಮೊದಲು ಅದು ತನ್ನ ಮೆಷಿನ್ ಓಡುವಾಗ ಮಾತ್ರ ಪ್ರೊಸೆಸರ್‌ನ ವರ್ಚುವಲೈಸೇಶನ್ ಹಿಡಿದುಕೊಳ್ಳುತ್ತಿತ್ತು. 6.12ರಿಂದ ಕೆವಿಎಂ ಮಾಡ್ಯೂಲ್ ಲೋಡ್ ಆದ ತಕ್ಷಣವೇ ಹಿಡಿದುಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್‌ಗೆ ಜಾಗ ಸಿಗದೆ ಹೋಗಬಹುದು. ಮಾಡ್‌ಪ್ರೋಬ್‌ಗೆ ಹೈಫನ್ ಆರ್ ಸೇರಿಸಿ ಕೆವಿಎಂ ಅಂಡರ್‌ಸ್ಕೋರ್ ಇಂಟೆಲ್ ಅನ್ನು ತೆಗೆದರೆ ಸದ್ಯಕ್ಕೆ ದಾರಿ ಬಿಡುತ್ತದೆ. ಎಎಂಡಿ ಆದರೆ ಕೆವಿಎಂ ಅಂಡರ್‌ಸ್ಕೋರ್ ಎಎಂಡಿ. ರೀಸ್ಟಾರ್ಟ್ ಆದ ಮೇಲೆ ಮತ್ತೆ ತೆಗೆಯಬೇಕಾಗುತ್ತದೆ.

ಇಷ್ಟು ಓದಿದ ಮೇಲೆ, ಕೆವಿಎಂ ಒಳಗೇ ಇದ್ದರೆ ಅದನ್ನೇ ಬಳಸಬಾರದಾ ಅಂತ ನೀವು ಕೇಳಬಹುದು. ಬಳಸಬಹುದು. ವರ್ಚ್ ಮ್ಯಾನೇಜರ್ ಎಂಬ ಕಿಟಕಿ ತಂತ್ರಾಂಶ ಅದಕ್ಕಿದೆ. ಹೊರಗಿನ ಮಾಡ್ಯೂಲ್ ಬೇಡ, ಹಾಗಾಗಿ ಕೀ, ಹೆಡರ್, ಸಹಿ ಯಾವ ತಲೆಬಿಸಿಯೂ ಇಲ್ಲ. ನಾನು ಈಗ ಜಾಸ್ತಿ ಬಳಸುವುದು ಅದನ್ನೇ. ಆದರೆ ಒಳಗೆ ವಿಂಡೋಸ್ ಹಾಕುವವರು ವರ್ಚುವಲ್ ಮೆಷಿನ್‌ಗೆಂದೇ ಮಾಡಿದ ವರ್ಟ್‌ಐಒ ಡ್ರೈವರ್‌ಗಳನ್ನು ಬೇರೆ ತಂದು ಹಾಕಬೇಕು, ಇಲ್ಲವಾದರೆ ಡಿಸ್ಕ್ ನಿಧಾನವಾಗುತ್ತದೆ. ಮೊದಲ ಸಲ ಮಾಡುತ್ತಿರುವವರಿಗೆ ವರ್ಚುವಲ್‌ಬಾಕ್ಸೇ ಸುಲಭ. ನೀವು ಹೇಗೂ ಅರ್ಧ ದಾರಿ ಬಂದಿದ್ದೀರಿ, ಅದನ್ನೇ ಮುಗಿಸಿ.

ನೀಲಿ ಪರದೆ ದಾಟಿದ ಮೇಲೂ ಮೆಷಿನ್ ಏಳದಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಮೂರು ವಿಷಯ ಇರಲಿ. ಪರದೆಯ ಮೇಲಿನ ಸಂದೇಶ ಪೂರ್ತಿಯಾಗಿ, ಯುನೇಮ್ ಕೊಟ್ಟ ಉತ್ತರ, ಮತ್ತು ಮಾಡ್‌ಪ್ರೋಬ್ ಏನು ಹೇಳಿತು ಅನ್ನುವುದು. ಈ ಸಲ ಸಂದೇಶವನ್ನು ನೀವು ಇದ್ದದ್ದು ಇದ್ದ ಹಾಗೆ ಬರೆದಿದ್ದಿರಿ, ಅದರಿಂದಲೇ ಕಾರಣ ಹುಡುಕಲು ಆಯಿತು.