ಎದೆ ತೆರೆಯದೆ ಅನ್ನನಾಳದ ಗೆಡ್ಡೆ ತೆಗೆಯಬಹುದೇ: ಪ್ರತಿಕ್ರಿಯೆ

ನಮಸ್ಕಾರ. ತಮ್ಮ ತಾಯಿಯವರ ಅನ್ನನಾಳದ ಮಧ್ಯಭಾಗದಲ್ಲಿ 2.5 ಸೆಂ.ಮೀ. ಲಿಯೋಮಯೋಮಾ (ಸ್ನಾಯುವಿನ ಗೆಡ್ಡೆ) ಇದೆ, ರೊಟ್ಟಿ ನುಂಗಿದರೆ ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಎದೆ ತೆರೆಯದೆ ಅದನ್ನು ತೆಗೆಯಬಹುದೇ ಎಂದು ಕೇಳಿದ್ದೀರಿ. ಈ ಗಾತ್ರದ ಗೆಡ್ಡೆಯನ್ನು ಸಾಮಾನ್ಯವಾಗಿ ಎಂಡೋಸ್ಕೋಪಿಯಿಂದಲೇ ತೆಗೆಯಬಹುದು. ಕ್ಯಾನ್ಸರ್ ಅಲ್ಲದ ಈ ಗೆಡ್ಡೆ ಹೆಚ್ಚಾಗಿ ಹುಟ್ಟುವುದು ಒಳಪೊರೆಯ ಕೆಳಗಿನ ಸ್ನಾಯುಪದರದಲ್ಲಿ. ಆದ್ದರಿಂದ ವೈದ್ಯರು ನೇರವಾಗಿ ಗೆಡ್ಡೆಯ ಮೇಲೆ ಕತ್ತರಿಸದೆ, ಅದಕ್ಕಿಂತ ಸುಮಾರು 5 ಸೆಂ.ಮೀ. ಮೇಲ್ಗಡೆ ಒಳಪೊರೆಯನ್ನು ಸ್ವಲ್ಪವೇ ಸೀಳಿ, ಪೊರೆಗೂ ಸ್ನಾಯುವಿಗೂ ನಡುವೆ ಸುರಂಗದಂತೆ ದಾರಿ ಮಾಡಿಕೊಂಡು, ಗೆಡ್ಡೆಯನ್ನು ಸುತ್ತಲೂ ಬಿಡಿಸಿ ಅದೇ ದಾರಿಯಿಂದ ಹೊರತಂದು, ಸೀಳನ್ನು ಕ್ಲಿಪ್ ಹಾಕಿ ಮುಚ್ಚುತ್ತಾರೆ. ಗೆಡ್ಡೆಯ ಮೇಲಿನ ಪೊರೆ ಹರಿಯದೆ ಉಳಿಯುವುದರಿಂದ ಸೋರಿಕೆಯ ಭಯ ಕಡಿಮೆ. ಶಾಂಘೈನ ವೈದ್ಯರು 2012ರಲ್ಲಿ ಪ್ರಕಟಿಸಿದ ವಿಧಾನವಿದು. ಗೆಡ್ಡೆ 4 ಸೆಂ.ಮೀ. ದಾಟಿದ್ದರೆ ಸುರಂಗದಿಂದ ಇಡಿಯಾಗಿ ಹೊರತರುವುದು ಕಷ್ಟ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಮೊದಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಅನ್ನನಾಳದ ಒಳಗಿನಿಂದಲೇ ಗೋಡೆಯ ಪದರಗಳನ್ನು ನೋಡುವ ಸ್ಕ್ಯಾನ್) ಮಾಡಿಸಿ; ಒಳಪೊರೆ ನುಣುಪಾಗಿಯೇ ಇದ್ದರೆ ಅದನ್ನು ಚಿವುಟಿ ಬಯಾಪ್ಸಿ ತೆಗೆಸಲು ಆತುರಪಡಬೇಡಿ, ಏಕೆಂದರೆ ಆ ಚೂರು ಗೆಡ್ಡೆಯವರೆಗೆ ತಲುಪುವುದೇ ಅಪರೂಪ, ಮೇಲಾಗಿ ಗಾಯ ಮಾಗುವಾಗ ಪೊರೆ ಗೆಡ್ಡೆಗೆ ಅಂಟಿಕೊಂಡರೆ ಮುಂದೆ ಬಿಡಿಸುವಾಗ ಹರಿಯುವ ಸಂಭವ ಹೆಚ್ಚು. ಗೆಡ್ಡೆಯ ಸ್ವರೂಪವನ್ನು, ಅದು ಜಿಸ್ಟ್ (ನೋಡಲು ಇದರಂತೆಯೇ ಇದ್ದರೂ ಕ್ಯಾನ್ಸರ್ ಆಗಬಲ್ಲ ಬೇರೆ ಬಗೆಯ ಗೆಡ್ಡೆ) ಅಲ್ಲವೆಂಬುದನ್ನು, ಹೊರತೆಗೆದ ನಂತರದ ಪೆಥಾಲಜಿ ಪರೀಕ್ಷೆ ಖಚಿತಪಡಿಸುತ್ತದೆ.